200 ಮೆಗಾಪಿಕ್ಸೆಲ್ ಫೋನ್ ಇದ್ದರೆ ಕ್ಯಾಮೆರಾ ಬೇಡವೇ? ಹೊಸದಾಗಿ ಫೋಟೋಗ್ರಫಿ ಕಲಿಯುವವರು ದುಡ್ಡು ಎಲ್ಲಿ ಹಾಕಬೇಕು

“ಮೆಗಾಪಿಕ್ಸೆಲ್ ಹೆಚ್ಚಿದಷ್ಟೂ ಫೋಟೋ ಚೆನ್ನಾಗಿ ಬರುತ್ತೆ.” “200 ಮೆಗಾಪಿಕ್ಸೆಲ್ ಫೋನ್ ಮುಂದೆ ಡಿಎಸ್‌ಎಲ್‌ಆರ್ ವೇಸ್ಟ್.” “ಒಂದು ಲಕ್ಷ ಇಲ್ಲದೆ ಫೋಟೋಗ್ರಫಿ ಶುರು ಮಾಡೋಕೇ ಆಗಲ್ಲ.” ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ, ರೀಲ್ಸ್‌ಗಳಲ್ಲಿ ಸುತ್ತುತ್ತಲೇ ಇರುತ್ತವೆ. ಒಂದನ್ನು ನಂಬಿದವರು ದುಬಾರಿ ಫೋನ್ ಕೊಳ್ಳುತ್ತಾರೆ. ಇನ್ನೊಂದನ್ನು ನಂಬಿದವರು ಸಾಲ ಮಾಡಿ ದೊಡ್ಡ ಕ್ಯಾಮೆರಾ ತರುತ್ತಾರೆ. ಎರಡರಲ್ಲೂ ಹೋಗುವುದು ಮನೆಯ ದುಡ್ಡು.

ಈ ಮಾತುಗಳಲ್ಲಿ ಎಷ್ಟು ನಿಜ ಇದೆ? ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆ ಇದ್ದುಕೊಂಡು ಕಡಿಮೆ ಖರ್ಚಿನಲ್ಲಿ ಫೋಟೋಗ್ರಫಿ ಶುರು ಮಾಡಬೇಕೆಂದರೆ ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ? ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

- ಮೆಗಾಪಿಕ್ಸೆಲ್ ನೋಡಿ ಫೋನನ್ನಾಗಲಿ ಕ್ಯಾಮೆರಾವನ್ನಾಗಲಿ ಕೊಳ್ಳಬೇಡಿ. ಮುಖ್ಯವಾದದ್ದು ಸೆನ್ಸರ್ ಗಾತ್ರ, ಲೆನ್ಸ್ ಮತ್ತು ಬೆಳಕು.
- ಏನನ್ನು ತೆಗೆಯಬೇಕು ಎಂಬುದನ್ನು ಮೊದಲು ತೀರ್ಮಾನಿಸಿ. ಎಷ್ಟೋ ಜನರಿಗೆ ಈಗ ಕೈಯಲ್ಲಿರುವ ಫೋನೇ ಸಾಕು.
- ಕ್ಯಾಮೆರಾ ಬೇಕೇ ಬೇಕು ಎಂದಾದರೆ ಹಳೆಯ ಬಾಡಿ ಮತ್ತು ಒಳ್ಳೆಯ ಲೆನ್ಸ್, ಹೊಸ ಬಾಡಿ ಮತ್ತು ಸಾಧಾರಣ ಲೆನ್ಸ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೆಗಾಪಿಕ್ಸೆಲ್ ಎಷ್ಟು ಬೇಕು?

ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕಿ. ಫೋಟೋದಲ್ಲಿ ಎಷ್ಟು ಚುಕ್ಕಿಗಳಿವೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಆ ಚುಕ್ಕಿಗಳು ಎಷ್ಟು ಸ್ವಚ್ಛವಾಗಿವೆ ಎಂಬುದನ್ನು ಹೇಳುವುದಿಲ್ಲ.

ಲೆಕ್ಕ ಹಾಕಿ ನೋಡಿ. ಸ್ಟುಡಿಯೋದಲ್ಲಿ ಹಾಕಿಸುವ 4×6 ಅಂಗುಲದ ಪ್ರಿಂಟಿಗೆ, ಅಂಗುಲಕ್ಕೆ 300 ಚುಕ್ಕಿಯಂತೆ ಲೆಕ್ಕ ಹಾಕಿದರೆ, 1200×1800 ಚುಕ್ಕಿ ಸಾಕು. ಅಂದರೆ ಸುಮಾರು 2 ಮೆಗಾಪಿಕ್ಸೆಲ್. ಎ4 ಹಾಳೆಯಷ್ಟು ದೊಡ್ಡ ಪ್ರಿಂಟಿಗೆ 9 ಮೆಗಾಪಿಕ್ಸೆಲ್ ಒಳಗೇ ಆಗುತ್ತದೆ. ಗೋಡೆಗೆ ಹಾಕುವ 12×18 ಅಂಗುಲದ ಫೋಟೋಗೂ 20 ಮೆಗಾಪಿಕ್ಸೆಲ್ ಸಾಕು.

ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಅಷ್ಟೂ ಬೇಡ. ಸಾಮಾನ್ಯ ರೀತಿಯಲ್ಲಿ ಕಳಿಸಿದ ಫೋಟೋವನ್ನು ವಾಟ್ಸಾಪ್ ಸುಮಾರು 2 ಮೆಗಾಪಿಕ್ಸೆಲ್‌ನಷ್ಟಕ್ಕೆ ಕುಗ್ಗಿಸುತ್ತದೆ. ನೀವು 200 ಮೆಗಾಪಿಕ್ಸೆಲ್‌ನಲ್ಲಿ ತೆಗೆದರೂ ನಿಮ್ಮ ಗೆಳೆಯನ ಫೋನಿಗೆ ತಲುಪುವುದು ಇಷ್ಟೇ. ಎಚ್‌ಡಿ ಆಯ್ಕೆ ಒತ್ತಿದರೆ ಸ್ವಲ್ಪ ಹೆಚ್ಚು ಉಳಿಯುತ್ತದೆ. ಇದ್ದದ್ದು ಇದ್ದ ಹಾಗೆ ಹೋಗಬೇಕೆಂದರೆ ಫೋಟೋವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಬೇಕು.

ಇನ್ನೊಂದು ವಿಷಯ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ. 50 ಮೆಗಾಪಿಕ್ಸೆಲ್ ಫೋನ್ ಮಾಮೂಲಿ ಸೆಟ್ಟಿಂಗ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಚುಕ್ಕಿ ಸೇರಿಸಿ ಒಂದು ಮಾಡುತ್ತದೆ. ಕೊನೆಗೆ ಸಿಗುವುದು 12.5 ಮೆಗಾಪಿಕ್ಸೆಲ್ ಫೋಟೋ. 108ರ ಫೋನ್ ಒಂಬತ್ತನ್ನು ಸೇರಿಸಿ 12 ಕೊಡುತ್ತದೆ. 200ರ ಫೋನ್ ಹದಿನಾರನ್ನು ಸೇರಿಸಿ ಮತ್ತೆ 12.5ಕ್ಕೇ ಬಂದು ನಿಲ್ಲುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಸಣ್ಣ ಚುಕ್ಕಿಗಳಿಗೆ ಬೆಳಕು ಸಾಲದು, ಅದಕ್ಕೇ ಅವುಗಳನ್ನು ಕೂಡಿಸುತ್ತಾರೆ. ಆದರೆ 50ರ ಫೋನಿಗಿಂತ 200ರ ಫೋನ್ ನಾಲ್ಕು ಪಟ್ಟು ಚೆನ್ನ ಎಂಬ ಲೆಕ್ಕ ಇಲ್ಲಿಗೆ ಮುಗಿಯಿತು.

ಅಸಲಿ ವಿಷಯ: ಬೆಳಕು ಬೀಳುವ ಜಾಗ

ಮಳೆ ಬರುವಾಗ ಅಂಗಳದಲ್ಲಿ ಒಂದು ಲೋಟ, ಒಂದು ದೊಡ್ಡ ಬೋಗುಣಿ ಇಡಿ. ಒಂದೇ ಮಳೆ, ಒಂದೇ ಹೊತ್ತು. ಬೋಗುಣಿಯಲ್ಲಿ ಹೆಚ್ಚು ನೀರು ಸೇರುತ್ತದೆ. ಕ್ಯಾಮೆರಾದ ಸೆನ್ಸರ್ ಕೂಡ ಹಾಗೆಯೇ. ಅದು ಬೆಳಕು ಹಿಡಿಯುವ ಪಾತ್ರೆ.

ದುಬಾರಿ ಫೋನ್‌ಗಳಲ್ಲಿ ಬಳಸುವ 1/1.3 ಅಂಗುಲ ಎಂಬ ಅಳತೆಯ ಸೆನ್ಸರ್ ಸುಮಾರು 70 ಚದರ ಮಿಲಿಮೀಟರ್ ಇರುತ್ತದೆ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ ಇರುವುದುಂಟು. ಆರಂಭಿಕ ಹಂತದ ಡಿಎಸ್‌ಎಲ್‌ಆರ್ ಮತ್ತು ಮಿರರ್‌ಲೆಸ್ ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಸೆನ್ಸರ್ 330ರಿಂದ 370 ಚದರ ಮಿಲಿಮೀಟರ್. ವೃತ್ತಿಪರರು ಬಳಸುವ ಫುಲ್‌ಫ್ರೇಮ್ 864. ಹಗಲಿನ ಬಿಸಿಲಿನಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ, ಲೋಟವೂ ತುಂಬುತ್ತದೆ. ಸಂಜೆ, ಮದುವೆ ಮಂಟಪದ ಒಳಗೆ, ಗುಡಿಯ ಗರ್ಭಗುಡಿಯಲ್ಲಿ ಬೆಳಕು ಹನಿ ಹನಿಯಾಗಿ ಬರುವಾಗ ಪಾತ್ರೆಯ ಅಗಲ ಗೊತ್ತಾಗುತ್ತದೆ.

ಇದಕ್ಕೆ ನಮ್ಮ ಸೀಮೆಯಲ್ಲೇ ಒಂದು ಹಳೆಯ ಉದಾಹರಣೆ ಇದೆ. 1856ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಫೋಟೋಗಳನ್ನು ತೆಗೆದರು. ಆಗ ಫಿಲ್ಮ್ ರೋಲ್ ಕೂಡ ಇರಲಿಲ್ಲ. ಮೇಣ ಹಿಡಿಸಿದ ಕಾಗದವೇ ನೆಗೆಟಿವ್. ಆದರೆ ಆ ನೆಗೆಟಿವ್ ಸುಮಾರು 16×18 ಅಂಗುಲದಷ್ಟು ದೊಡ್ಡದು. ಹಾಗಾಗಿಯೇ ಆ ಚಿತ್ರಗಳಲ್ಲಿ ಕಂಬ, ಕಲ್ಲು, ಗೋಪುರಗಳ ವಿವರ ಇಂದಿಗೂ ಬೆರಗು ಹುಟ್ಟಿಸುತ್ತದೆ. 1983ರಲ್ಲಿ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗಾಲಿಂಗ್ಸ್ ಅವೇ ಜಾಗಗಳನ್ನು ಹುಡುಕಿ ಮತ್ತೆ ತೆಗೆದರು. ಆಮೇಲೆ ಎರಡೂ ಸೇರಿ ಪುಸ್ತಕವಾದವು. ಗ್ರೀನ್‌ಲಾ ಕ್ಯಾಮೆರಾಕ್ಕೆ ಮೆಗಾಪಿಕ್ಸೆಲ್ ಎಂಬುದೇ ಇರಲಿಲ್ಲ, ಇದ್ದದ್ದು ಬೆಳಕು ಬೀಳಲು ದೊಡ್ಡ ಜಾಗ.

“100 ಎಕ್ಸ್ ಜೂಮ್” ಎಂದರೆ ಏನು?

ಜೂಮ್ ಎರಡು ಥರ. ಲೆನ್ಸ್‌ನಿಂದಲೇ ಹತ್ತಿರ ತೋರಿಸುವುದು ಆಪ್ಟಿಕಲ್ ಜೂಮ್. ತೆಗೆದ ಚಿತ್ರದ ನಡುಭಾಗ ಕತ್ತರಿಸಿ ದೊಡ್ಡದು ಮಾಡುವುದು ಡಿಜಿಟಲ್ ಜೂಮ್. ಬರೀ ಕತ್ತರಿಸಿ 10 ಎಕ್ಸ್ ಮಾಡಿದರೆ ಉದ್ದದಲ್ಲಿ ಹತ್ತನೇ ಒಂದು, ಅಗಲದಲ್ಲಿ ಹತ್ತನೇ ಒಂದು ಭಾಗ ಉಳಿಯುತ್ತದೆ. ಅಂದರೆ ಚಿತ್ರದ ನೂರನೇ ಒಂದು ಭಾಗ. 12 ಮೆಗಾಪಿಕ್ಸೆಲ್ ಫೋಟೋದಲ್ಲಿ ಉಳಿದದ್ದು 0.12 ಮೆಗಾಪಿಕ್ಸೆಲ್. ಮಿಕ್ಕಿದ್ದನ್ನು ಸಾಫ್ಟ್‌ವೇರ್ ಊಹಿಸಿ ತುಂಬುತ್ತದೆ.

ಫೋನ್ ಕೊಳ್ಳುವಾಗ “ಎಷ್ಟು ಎಕ್ಸ್ ಜೂಮ್” ಎಂದು ಕೇಳಬೇಡಿ. “ಆಪ್ಟಿಕಲ್ ಜೂಮ್ ಎಷ್ಟು” ಎಂದು ಕೇಳಿ. ಉತ್ತರ 3 ಅಥವಾ 5 ಬಂದರೆ ಅದೇ ಫೋನಿನ ನಿಜವಾದ ಶಕ್ತಿ.

ಹಾಗಾದರೆ ನಿಮಗೆ ಯಾವುದು ಬೇಕು?

ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಏನನ್ನು ತೆಗೆಯುತ್ತೀರಿ ಎಂಬುದರ ಮೇಲೆ ಹೋಗುತ್ತದೆ.

*ಊರು, ಗುಡ್ಡ, ಹೊಲ, ಹೊಳೆ:* ಬಳ್ಳಾರಿ ಕೋಟೆ ಗುಡ್ಡ, ಸಿರುಗುಪ್ಪದ ಭತ್ತದ ಗದ್ದೆ, ತುಂಗಭದ್ರೆಯ ದಂಡೆ, ಸಂತೆ, ಜಾತ್ರೆಯ ಹಗಲು. ಇವಕ್ಕೆ ಫೋನ್ ಸಾಕು. ಬೆಳಗಿನ ಮೊದಲ ಒಂದು ತಾಸು, ಸಂಜೆಯ ಕೊನೆಯ ಒಂದು ತಾಸಿನಲ್ಲಿ ತೆಗೆಯಿರಿ. ನೆತ್ತಿ ಸುಡುವ ಮಧ್ಯಾಹ್ನದಲ್ಲಿ ಎರಡು ಲಕ್ಷದ ಕ್ಯಾಮೆರಾದಲ್ಲೂ ಮುಖದ ಮೇಲೆ ಕಪ್ಪು ನೆರಳೇ ಬೀಳುತ್ತದೆ. ಒಂದು ಸಣ್ಣ ಟ್ರೈಪಾಡ್, ಲೆನ್ಸ್ ಒರೆಸಲು ಒಂದು ಮೆತ್ತನೆಯ ಬಟ್ಟೆ ಇದ್ದರೆ ಆಯಿತು. ಎಷ್ಟೋ ಸಲ “ಫೋನ್ ಕ್ಯಾಮೆರಾ ಹಾಳಾಗಿದೆ” ಎನ್ನುವುದಕ್ಕೆ ಕಾರಣ ಲೆನ್ಸ್ ಮೇಲಿನ ಬೆರಳ ಜಿಡ್ಡು.

*ಮದುವೆ, ನಾಮಕರಣ, ಗುಡಿಯ ಒಳಭಾಗ:* ಇಲ್ಲಿ ಬೆಳಕು ಕಡಿಮೆ, ಜನ ಅಲ್ಲಾಡುತ್ತಿರುತ್ತಾರೆ. ಕುರುಗೋಡಿನ ದೊಡ್ಡ ಬಸವೇಶ್ವರ ಗುಡಿಯಂಥ ಕಡೆ ಹೊರಗಿನ ಬಿಸಿಲಿನಿಂದ ಒಳಗೆ ಹೋದರೆ ಕಣ್ಣಿಗೇ ಹೊಂದಿಕೊಳ್ಳಲು ಹೊತ್ತು ಬೇಕು, ಕ್ಯಾಮೆರಾಕ್ಕೂ ಅದೇ ಕಷ್ಟ. (ಗುಡಿಯ ಒಳಗೆ ತೆಗೆಯುವ ಮುನ್ನ ಕೇಳಿ, ಫ್ಲ್ಯಾಶ್ ಬೇಡ ಎಂದರೆ ಬೇಡ.) ಇಂಥ ಕಡೆ ದೊಡ್ಡ ಸೆನ್ಸರ್, ಅಗಲ ಬಾಯಿಯ ಲೆನ್ಸ್ ಕೆಲಸಕ್ಕೆ ಬರುತ್ತವೆ.

*ಹಕ್ಕಿ, ಕಾಡುಪ್ರಾಣಿ:* ಇದೇ ಎಲ್ಲಕ್ಕಿಂತ ಖರ್ಚಿನದು. ದರೋಜಿ ಕರಡಿಧಾಮವನ್ನೇ ತೆಗೆದುಕೊಳ್ಳಿ. ವೀಕ್ಷಣಾ ಗೋಪುರದಿಂದ ಕರಡಿಗಳು ದೂರ ಇರುತ್ತವೆ, ಬಣ್ಣ ಕಪ್ಪು, ಬರುವುದು ಮಧ್ಯಾಹ್ನ ಕಳೆದ ಮೇಲೆ. ಫೋನಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ. ಕನಿಷ್ಠ 250 ಅಥವಾ 300 ಮಿಲಿಮೀಟರ್‌ವರೆಗೆ ಹೋಗುವ ಲೆನ್ಸ್ ಬೇಕು.

ಸಂಡೂರಿನ ಎಂ.ವೈ. ಘೋರ್ಪಡೆ ಅವರ ಹೆಸರು ಇಲ್ಲಿ ನೆನಪಾಗಬೇಕು. ರಾಜ್ಯದ ಹಣಕಾಸು ಸಚಿವರಾಗಿದ್ದ ಅವರು ವನ್ಯಜೀವಿ ಛಾಯಾಗ್ರಹಣದಲ್ಲೂ ದೊಡ್ಡ ಹೆಸರು. ಅವರ ಕಪ್ಪು-ಬಿಳುಪು ಚಿತ್ರಗಳ ಪುಸ್ತಕ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ 1983ರಲ್ಲಿ ಬಂತು. ಬಿಸಿಲು ಮತ್ತು ನೆರಳು ಎಂದರ್ಥ. ಕ್ಯಾಮೆರಾ ಹೆಸರಲ್ಲ, ಬೆಳಕಿನ ಹೆಸರು ಪುಸ್ತಕಕ್ಕೆ ಇದೆ.

ಒಂದು ಎಚ್ಚರ. ಸಿರುಗುಪ್ಪ ಭಾಗದ ಎರೆಹೊಲ, ಹುಲ್ಲುಗಾವಲಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಂದರೆ ಎರೆಭೂತ ಹಕ್ಕಿ ಕಂಡ ದಾಖಲೆಗಳಿವೆ. ಇಡೀ ಲೋಕದಲ್ಲೇ ಅಳಿವಿನ ಅಂಚಿನಲ್ಲಿರುವ ಹಕ್ಕಿ ಇದು. ಲೆನ್ಸ್ ಚಿಕ್ಕದಿದೆ ಎಂದು ಹತ್ತಿರ ಹೋಗಿ ಓಡಿಸುವುದು, ಗೂಡು ಹುಡುಕುವುದು, ಕಂಡ ಜಾಗದ ಲೊಕೇಶನ್ ಗುಂಪುಗಳಲ್ಲಿ ಹಾಕುವುದು, ಮೂರೂ ತಪ್ಪು. ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.

ದುಡ್ಡು ಹಂಚುವ ಲೆಕ್ಕ

ಕ್ಯಾಮೆರಾ ಬೇಕು ಎಂದು ತೀರ್ಮಾನವಾಯಿತು ಅಂದುಕೊಳ್ಳಿ. ಹೊಸಬರು ಮಾಡುವ ದೊಡ್ಡ ತಪ್ಪು ಎಂದರೆ ಇದ್ದ ದುಡ್ಡನ್ನೆಲ್ಲ ಬಾಡಿಗೇ ಹಾಕುವುದು. ಆಮೇಲೆ ಲೆನ್ಸ್‌ಗೆ ದುಡ್ಡಿಲ್ಲ, ಎರಡನೇ ಬ್ಯಾಟರಿಗೆ ದುಡ್ಡಿಲ್ಲ.

ಹೀಗೆ ಹಂಚಿ ನೋಡಿ: ಅರ್ಧ ಬಾಡಿಗೆ, ಕಾಲು ಭಾಗ ಒಳ್ಳೆಯ ಲೆನ್ಸ್‌ಗೆ, ಉಳಿದ ಕಾಲು ಭಾಗ ಕಾರ್ಡ್, ಹೆಚ್ಚುವರಿ ಬ್ಯಾಟರಿ, ಟ್ರೈಪಾಡ್, ಬ್ಯಾಗ್ ಮತ್ತು ಬೆಳಕಿಗೆ.

ಲೆನ್ಸ್ ಏಕೆ ಇಷ್ಟು ಮುಖ್ಯ? ಕ್ಯಾಮೆರಾ ಜೊತೆ ಬರುವ 18–55 ಕಿಟ್ ಲೆನ್ಸ್ ಅನ್ನು 55ಕ್ಕೆ ತಿರುಗಿಸಿದರೆ ಅದರ ಬಾಯಿ ಎಫ್ 5.6ರಷ್ಟೇ ತೆರೆಯುತ್ತದೆ. 50 ಎಂಎಂ ಎಫ್ 1.8 ಲೆನ್ಸ್ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬಿಡುತ್ತದೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು). ಮಂಟಪದ ಮಂದ ಬೆಳಕಿನಲ್ಲಿ ಅಲುಗಾಡಿದ ಫೋಟೋ ಮತ್ತು ಸ್ಪಷ್ಟ ಫೋಟೋ ನಡುವಿನ ವ್ಯತ್ಯಾಸ ಇದು. ಹಿನ್ನೆಲೆ ಮಸುಕಾಗಿ ಮುಖ ಎದ್ದು ಕಾಣುವುದೂ ಇದರಿಂದಲೇ. ಹಲವು ಕಂಪನಿಗಳಲ್ಲಿ ಇದೇ ಎಲ್ಲಕ್ಕಿಂತ ಅಗ್ಗದ ಲೆನ್ಸ್‌ಗಳಲ್ಲಿ ಒಂದು.

ಕೊಳ್ಳುವ ಮುನ್ನ ಎರಡು ವಿಷಯ ಗೊತ್ತಿರಲಿ. ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್ 75–80ರಂತೆ ಹತ್ತಿರ ತೋರಿಸುತ್ತದೆ. ಒಬ್ಬರ ಫೋಟೋಗೆ ಸೊಗಸು, ಸಣ್ಣ ಕೋಣೆಯಲ್ಲಿ ಹತ್ತು ಜನರ ಗ್ರೂಪ್ ಫೋಟೋಗೆ ಆಗುವುದಿಲ್ಲ. ಆಗ ಕಿಟ್ ಲೆನ್ಸ್ ಬಳಸಿ, ಇಲ್ಲವೇ 35 ಎಂಎಂ ನೋಡಿ. ಎರಡನೆಯದು, ನಿಕಾನ್ ಡಿ3500, ಡಿ5600ರಂಥ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಹಳೆಯ ‘ಎಎಫ್-ಡಿ’ ಲೆನ್ಸ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಆಟೋಫೋಕಸ್ ಆಗುವುದಿಲ್ಲ. ‘ಎಎಫ್-ಎಸ್’ ಇರುವುದನ್ನು ಕೇಳಿ.

ಬೆಳಕಿಗೆ ಮೊದಲೇ ಸಾವಿರಾರು ರೂಪಾಯಿ ಬೇಡ. ಕಿಟಕಿ ಪಕ್ಕ ಕೂರಿಸಿ, ಎದುರು ಬದಿಗೆ ಬಿಳಿ ಥರ್ಮಾಕೋಲ್ ಹಾಳೆ ಹಿಡಿಯಿರಿ. ನೆರಳು ತಾನಾಗಿ ತಿಳಿಯಾಗುತ್ತದೆ.

ಮೆಮೊರಿ ಕಾರ್ಡ್‌ನಲ್ಲಿ ನಕಲಿ ಬಹಳ. 256 ಜಿಬಿ ಎಂದು ಬರೆದಿರುತ್ತದೆ, ಒಳಗೆ ಅದರ ಕಾಲು ಭಾಗವೂ ಇರುವುದಿಲ್ಲ. ತಂದ ದಿನವೇ ಪೂರ್ತಿ ತುಂಬಿಸಿ, ಎಲ್ಲ ಫೈಲ್ ತೆರೆಯುತ್ತವೆಯೇ ನೋಡಿ. ವಿಡಿಯೋಗೆ ‘ವಿ30’ ಗುರುತು ಇರಲಿ. ಮದುವೆಗೆ ಹೋಗುವುದಾದರೆ 128ರ ಒಂದು ಕಾರ್ಡಿಗಿಂತ 64ರ ಎರಡು ಕಾರ್ಡ್ ಲೇಸು. ಒಂದು ಕೆಟ್ಟರೂ ಅರ್ಧ ಮದುವೆ ಉಳಿಯುತ್ತದೆ.

ಡಿಎಸ್‌ಎಲ್‌ಆರ್ ಕಾಲ ಮುಗಿಯಿತೇ?

ಅರ್ಧ ನಿಜ. ಕ್ಯಾನನ್, ನಿಕಾನ್ ಎರಡೂ ಈಗ ಹೊಸ ಮಾದರಿಗಳನ್ನು ಮಿರರ್‌ಲೆಸ್‌ನಲ್ಲೇ ತರುತ್ತಿವೆ. ಆದರೆ ಹಳೆಯ ಕ್ಯಾಮೆರಾ ಒಂದೇ ರಾತ್ರಿಗೆ ಕೆಟ್ಟ ಫೋಟೋ ತೆಗೆಯಲು ಶುರು ಮಾಡುವುದಿಲ್ಲ. 2018ರ ನಿಕಾನ್ ಡಿ3500, ಕ್ಯಾನನ್ 1500ಡಿ ಎರಡರಲ್ಲೂ 24 ಮೆಗಾಪಿಕ್ಸೆಲ್ ಇದೆ. ಮೇಲೆ ಹೇಳಿದ ಪ್ರಿಂಟ್ ಲೆಕ್ಕಕ್ಕೆ ಅದು ಬೇಕಾದಷ್ಟಾಯಿತು. ಎಲ್ಲರೂ ಮಿರರ್‌ಲೆಸ್‌ಗೆ ಹೋಗುತ್ತಿರುವುದರಿಂದಲೇ ಹಳೆಯ ಡಿಎಸ್‌ಎಲ್‌ಆರ್ ಅಗ್ಗಕ್ಕೆ ಸಿಗುತ್ತಿದೆ. ಕಲಿಯುವವರಿಗೆ ಇದು ಲಾಭ. ವಿಡಿಯೋ, ರೀಲ್ಸ್ ನಿಮ್ಮ ಮುಖ್ಯ ಕೆಲಸವಾದರೆ ಮಾತ್ರ ಮಿರರ್‌ಲೆಸ್ ಕಡೆ ನೋಡಿ. ವಿಡಿಯೋದಲ್ಲಿ ಅದರ ಫೋಕಸ್ ಸಾಮಾನ್ಯವಾಗಿ ಚುರುಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

1. ಶಟರ್ ಎಷ್ಟು ಸಲ ಬಡಿದಿದೆ ಕೇಳಿ. ಆರಂಭಿಕ ಹಂತದ ಎಷ್ಟೋ ಡಿಎಸ್‌ಎಲ್‌ಆರ್‌ಗಳ ಶಟರ್ ಅನ್ನು ಸುಮಾರು ಒಂದು ಲಕ್ಷ ಸಲಕ್ಕೆ ಪರೀಕ್ಷಿಸಿರುತ್ತಾರೆ. ಮದುವೆ ಫೋಟೋಗ್ರಾಫರ್ ಬಳಸಿದ ಕ್ಯಾಮೆರಾ ನೋಡಲು ಹೊಸದರಂತಿದ್ದರೂ ಈ ಸಂಖ್ಯೆ ದಾಟಿರಬಹುದು.
2. ಲೆನ್ಸ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಬಿಳಿ ಎಳೆ ಕಂಡರೆ ಅದು ಫಂಗಸ್. ಬೇಡ ಎನ್ನಿ.
3. ಅಪರ್ಚರ್ ಎಫ್ 16ಕ್ಕೆ ಇಟ್ಟು ಬಿಳಿ ಗೋಡೆ ಅಥವಾ ಆಕಾಶದ ಫೋಟೋ ತೆಗೆಯಿರಿ. ಕಪ್ಪು ಚುಕ್ಕಿ ಕಂಡರೆ ಸೆನ್ಸರ್ ಮೇಲೆ ದೂಳಿದೆ. ಅದನ್ನು ಸ್ವಚ್ಛ ಮಾಡಿಸಬಹುದು, ಬೆಲೆಯಲ್ಲಿ ಆ ಖರ್ಚು ಕಳೆಯಲು ಹೇಳಿ. ಗೀರು ಇದ್ದರೆ ಬಿಡಿ.
4. ಬಿಲ್, ಬಾಕ್ಸ್, ಬಾಡಿ ಮೂರರ ಮೇಲಿನ ಸೀರಿಯಲ್ ನಂಬರ್ ಒಂದೇ ಇರಬೇಕು. ಬಿಲ್ಲೇ ಇಲ್ಲ ಎಂದರೆ ಕದ್ದ ಮಾಲು ಇರಬಹುದು.
5. ನಿಮ್ಮದೇ ಕಾರ್ಡ್ ಹಾಕಿ ಇಪ್ಪತ್ತು ಫೋಟೋ, ಒಂದು ವಿಡಿಯೋ ತೆಗೆದು ನೋಡಿದ ಮೇಲೆ ದುಡ್ಡು ಕೊಡಿ.

ಆಫರ್ ಲಿಂಕ್ ಬಂದರೆ

“ಹಬ್ಬದ ಆಫರ್, ಡಿಎಸ್‌ಎಲ್‌ಆರ್ 4,999 ರೂಪಾಯಿ” ಎಂಬ ಲಿಂಕ್ ಬಂದರೆ ಒತ್ತಬೇಡಿ, ಮುಂದಕ್ಕೂ ಕಳಿಸಬೇಡಿ. “ನಾನು ಸೈನಿಕ, ಟ್ರಾನ್ಸ್‌ಫರ್ ಆಗಿದೆ, ಕ್ಯಾಮೆರಾ ಅಗ್ಗಕ್ಕೆ ಕೊಡುತ್ತೇನೆ, ಕೊರಿಯರ್ ಖರ್ಚು ಮುಂಗಡ ಹಾಕಿ” ಎನ್ನುವುದು ದೇಶದೆಲ್ಲೆಡೆ ನಡೆದಿರುವ ಮೋಸ. ನಿಮ್ಮ ಹಳೆಯ ಕ್ಯಾಮೆರಾ ಮಾರುವಾಗಲೂ ಹುಷಾರು. ಹಣ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ, ಯುಪಿಐ ಪಿನ್ ಹಾಕಬೇಕಿಲ್ಲ. ಪಿನ್ ಹಾಕಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದ. ಮೋಸ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಅಂಗಡಿಯಲ್ಲಿ “ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀವಿ” ಎಂದರೆ ಒಪ್ಪಬೇಡಿ. ಬಿಲ್ ಇಲ್ಲದಿದ್ದರೆ ಕಂಪನಿಯ ವಾರಂಟಿ ಸಿಗುವುದು ಕಷ್ಟ, ದೂರು ಕೊಡಲು ಆಧಾರವೂ ಇರುವುದಿಲ್ಲ. ಗ್ರಾಹಕ ಸಹಾಯವಾಣಿ 1915.

ಇಎಂಐ ಮತ್ತು ಆಷಾಢ

“ಕ್ಯಾಮೆರಾ ತಗೊಂಡ್ರೆ ಮದುವೆ ಆರ್ಡರ್‌ನಲ್ಲೇ ಇಎಂಐ ಕಟ್ಟಬಹುದು” ಎಂಬ ಮಾತು ಕೇಳಲು ಚೆನ್ನ. ಸಿರುಗುಪ್ಪದ ಒಬ್ಬ ಹುಡುಗ 60,000 ರೂಪಾಯಿಯ ಕ್ಯಾಮೆರಾ ಕೊಂಡು ತಿಂಗಳಿಗೆ 5,000ದಂತೆ ಒಂದು ವರ್ಷ ಕಟ್ಟುತ್ತಾನೆ ಎಂದಿಟ್ಟುಕೊಳ್ಳಿ. ಮುಹೂರ್ತಗಳು ವರ್ಷವಿಡೀ ಇರುವುದಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಇಎಂಐಗೆ ಆಷಾಢ ಇಲ್ಲ. ಹೊಸಬರಿಗೆ ಮೊದಲ ವರ್ಷ ಸ್ವಂತ ಆರ್ಡರ್ ಸಿಗುವುದೂ ಕಡಿಮೆ.

“ಜೀರೋ ಬಡ್ಡಿ” ಎಂಬುದನ್ನೂ ಪೂರ್ತಿ ನಂಬಬೇಡಿ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿ ಬೇರೆ ಹೆಸರಿನಲ್ಲಿ ಅಡಗಿರುತ್ತದೆ ಎಂಬರ್ಥದ ಎಚ್ಚರಿಕೆಯನ್ನು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಕೊಟ್ಟಿತ್ತು. ನಗದು ಕೊಟ್ಟರೆ ಎಷ್ಟು, ಇಎಂಐ ಆದರೆ ಪ್ರೊಸೆಸಿಂಗ್ ಶುಲ್ಕ ಸೇರಿ ಎಷ್ಟು, ಎರಡನ್ನೂ ಬರೆದುಕೊಂಡು ಹೋಲಿಸಿ.

ದಾರಿ ಬೇರೆ ಇದೆ. ಕೆಲವು ತಿಂಗಳು ಊರಿನ ಸ್ಟುಡಿಯೋದವರ ಜೊತೆ ಲೈಟ್ ಹಿಡಿಯಲು ಹೋಗಿ. ಅವರ ಕ್ಯಾಮೆರಾ ಬಾಡಿಗೆಗೆ ಕೊಡುತ್ತಾರಾ ಕೇಳಿ. ಈ ಕೆಲಸ ನಿಮಗೆ ಒಗ್ಗುತ್ತದೆಯೇ ಎಂಬುದು ಸಾಲ ಮಾಡದೆಯೇ ಗೊತ್ತಾಗುತ್ತದೆ.

ನಮ್ಮ ಬಿಸಿಲು, ನಮ್ಮ ದೂಳು

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ತಮಾಷೆ ಮಾಡುತ್ತಾರೆ. ಹಲವು ಆರಂಭಿಕ ಕ್ಯಾಮೆರಾಗಳ ಕೈಪಿಡಿಯಲ್ಲಿ ಬಳಕೆಯ ಉಷ್ಣಾಂಶ 0ರಿಂದ 40 ಡಿಗ್ರಿ ಎಂದಿರುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ ಅದು ದಾಟುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಇನ್ನೂ ಹೆಚ್ಚು. ಕ್ಯಾಮೆರಾವನ್ನು ಕಾರಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ. ಗಾಳಿ-ದೂಳಿನಲ್ಲಿ ಲೆನ್ಸ್ ಬದಲಿಸಬೇಡಿ. ಬದಲಿಸಲೇಬೇಕಾದರೆ ಬಾಡಿಯ ಬಾಯಿ ಕೆಳಗೆ ಮಾಡಿ ಬೇಗ ಮುಗಿಸಿ. ದೂಳನ್ನು ಬಾಯಲ್ಲಿ ಊದಬೇಡಿ, ಎಂಜಲು ಹನಿ ಬೀಳುತ್ತದೆ. ರಬ್ಬರ್ ಬ್ಲೋವರ್ ಅಗ್ಗ. ಮಳೆಗಾಲದಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಟ್ಟರೆ ಫಂಗಸ್ ಭಯ ಕಡಿಮೆ.

ಕೊನೆಗೆ ಏನು?

“ಮೆಗಾಪಿಕ್ಸೆಲ್ ಹೆಚ್ಚಿದಷ್ಟೂ ಫೋಟೋ ಚೆನ್ನ”: ತಪ್ಪು.
“ಫೋನ್ ಮುಂದೆ ಡಿಎಸ್‌ಎಲ್‌ಆರ್ ವೇಸ್ಟ್”: ಹಗಲಿನಲ್ಲಿ ಫೋನ್ ಬಹುಪಾಲು ಸಾಕು, ಕಡಿಮೆ ಬೆಳಕು ಮತ್ತು ದೂರಕ್ಕೆ ಅಲ್ಲ.
“ಲಕ್ಷ ಇಲ್ಲದೆ ಶುರು ಮಾಡೋಕಾಗಲ್ಲ”: ತಪ್ಪು.

ಕೊಳ್ಳುವ ಮುನ್ನ ಒಂದು ಕೆಲಸ ಮಾಡಿ. ಈಗಿರುವ ಫೋನಿನಲ್ಲೇ ಮೂರು ತಿಂಗಳು, ದಿನಕ್ಕೆ ಹತ್ತು ಫೋಟೋ ತೆಗೆಯಿರಿ. ಎಲ್ಲಿ ಫೋನ್ ಸೋತಿತು ಎಂದು ಬರೆದಿಡಿ. ಕತ್ತಲಲ್ಲಿ ಸೋತರೆ ಎಫ್ 1.8 ಲೆನ್ಸ್ ಇರುವ ಕ್ಯಾಮೆರಾ ಬೇಕು. ದೂರದಲ್ಲಿ ಸೋತರೆ ಉದ್ದನೆಯ ಲೆನ್ಸ್ ಬೇಕು. ಎಲ್ಲೂ ಸೋಲದಿದ್ದರೆ ದುಡ್ಡು ಉಳಿಯಿತು. ಮುಂದಿನ ಸಲ ಮೆಗಾಪಿಕ್ಸೆಲ್ ಫಾರ್ವರ್ಡ್ ಬಂದಾಗ ಅದನ್ನು ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: “ಸೆನ್ಸರ್ ಎಷ್ಟು ದೊಡ್ಡದು?”